ವೀರಗಲ್ಲಿನ ಮುಂದೆ ಹರ್ಮೀಸ್: ಗ್ರೀಕರ ದೂತದೇವತೆಯ ಕಥೆಯನ್ನು ನಮ್ಮ ಸೀಮೆಯಲ್ಲಿ ಹೇಳುವ ಬಗೆ

ಧಾರವಾಡದ ನಮ್ಮ ಓಣಿಯ ವಾಚನಾಲಯದಲ್ಲಿ ಕೆಲವು ವರ್ಷಗಳಿಂದ ರವಿವಾರ ಸಂಜೆ ಮಕ್ಕಳಿಗೂ ಅವರನ್ನು ಕರೆತರುವ ಹಿರಿಯರಿಗೂ ಬೇರೆ ಬೇರೆ ನಾಡುಗಳ ಪುರಾಣಕಥೆಗಳನ್ನು ಹೇಳುತ್ತ ಬಂದಿದ್ದೇನೆ. ಅವುಗಳಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು, ಕೊನೆಗೆ ಹೆಚ್ಚು ಪ್ರಿಯವೂ ಆದದ್ದು, ಗ್ರೀಕರ ದೂತದೇವತೆಯಾದ ಹರ್ಮೀಸನ ಕಥೆ. ಮೊದಲ ಸಲ ಹೇಳಿದಾಗ ‘ಇವನು ಗ್ರೀಕರ ನಾರದ’ ಎಂದು ಆರಂಭಿಸಿದ್ದೆ. ಕೇಳುವವರು ಕಥೆಯುದ್ದಕ್ಕೂ ನಾರದನ ದಾರಿಯನ್ನೇ ಕಾದರು, ಅವನು ಬರಲಿಲ್ಲ. ಹರ್ಮೀಸನು ಅಣ್ಣನ ಆಕಳುಗಳನ್ನು ಕದ್ದು ಹೊಡೆದುಕೊಂಡು ಹೋಗುವ ಪ್ರಸಂಗಕ್ಕೆ ಬಂದಾಗ ಹಾನಗಲ್ಲಿನ ಕಡೆಯ ಹಿರಿಯರೊಬ್ಬರು ನನ್ನನ್ನು ತಡೆದು, ‘ಸರ, ದನಾ ಕದ್ದವಂಗ ದೇವ್ರು ಅಂತೀರಲ್ರಿ, ನಮ್ಮ ಊರಾಗ ದನಾ ಬಿಡಿಸಿಕೊಂಡು ಬಂದು ಸತ್ತವಂಗ ಕಲ್ಲು ನಿಲ್ಲಿಸ್ಯಾರ್ರೀ’ ಎಂದರು. ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಈ ಕಥೆಯನ್ನು ನಮ್ಮ ಕಡೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅವರ ಆ ಮಾತೇ ನನಗೆ ಕಲಿಸಿತು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಶಾಲೆಗಳಲ್ಲಿ, ವಾಚನಾಲಯಗಳಲ್ಲಿ, ಮನೆಯ ಪಡಸಾಲೆಯಲ್ಲಿ ಈ ಕಥೆಯನ್ನು ಹೇಳಬೇಕೆನ್ನುವವರಿಗೆ ಉಪಯೋಗವಾಗಲೆಂದು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕಲ್ಲಿನಿಂದ ಆರಂಭಿಸಿರಿ

ಹರ್ಮೀಸನ ಕೆಲಸಗಳನ್ನು ಪಟ್ಟಿ ಮಾಡಲು ಹೊರಟರೆ ಅವು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ಕಾಣುತ್ತವೆ. ಅವನು ದೇವತೆಗಳ ದೂತ, ಕಳ್ಳರ ಒಡೆಯ, ವ್ಯಾಪಾರಿಗಳ ರಕ್ಷಕ, ದನಕುರಿಗಳನ್ನು ಹೆಚ್ಚಿಸುವವನು, ಪ್ರಯಾಣಿಕರ ಜೊತೆಗಾರ, ಮಾತಿನ ಜಾಣ, ನಿದ್ದೆ ಬರಿಸುವವನು, ಸತ್ತವರ ಆತ್ಮಗಳನ್ನು ಪಾತಾಳಕ್ಕೆ ಕರೆದೊಯ್ಯುವವನು. ಇಷ್ಟನ್ನೂ ಮಕ್ಕಳ ಮುಂದೆ ಒಂದೇ ಉಸಿರಿನಲ್ಲಿ ಹೇಳಿದರೆ ಯಾವುದೂ ಅವರ ನೆನಪಿನಲ್ಲಿ ಉಳಿಯುವುದಿಲ್ಲ. ಇವೆಲ್ಲವನ್ನೂ ಒಟ್ಟಿಗೆ ಹಿಡಿದಿಡುವ ಎಳೆ ಗಡಿ. ಮನೆಗೂ ಬೀದಿಗೂ ನಡುವಿನ ಹೊಸ್ತಿಲು, ಹೊಲಕ್ಕೂ ಹೊಲಕ್ಕೂ ನಡುವಿನ ಬದು, ಊರಿಗೂ ಊರಿಗೂ ನಡುವಿನ ಸೀಮೆ, ನನ್ನದಕ್ಕೂ ನಿನ್ನದಕ್ಕೂ ನಡುವಿನ ಗೆರೆ, ಎಚ್ಚರಕ್ಕೂ ನಿದ್ದೆಗೂ, ಬದುಕಿಗೂ ಸಾವಿಗೂ ನಡುವಿನ ತೆರೆ, ಇವುಗಳನ್ನು ದಾಟುವವನು ಮತ್ತು ದಾಟಿಸುವವನು ಹರ್ಮೀಸ್. ಕಳ್ಳನೂ ವ್ಯಾಪಾರಿಯೂ ದೂತನೂ ದಾಟುವವರೇ ಆದುದರಿಂದ ಅವರೆಲ್ಲರೂ ಅವನ ಪಾಲಿಗೆ ಬಂದರು.

ಗ್ರೀಕರಲ್ಲಿ ಈ ದೇವತೆಯ ಹಳೆಯ ಗುರುತು ಕೂಡ ಕಲ್ಲೇ ಆಗಿತ್ತು. ದಾರಿಯ ಬದಿಯಲ್ಲಿ ಕಲ್ಲಿನ ಗುಪ್ಪೆಗಳಿರುತ್ತಿದ್ದವು, ಹಾದುಹೋಗುವವರು ಅವುಗಳಿಗೆ ತಮ್ಮದೂ ಒಂದು ಕಲ್ಲನ್ನು ಸೇರಿಸುತ್ತಿದ್ದರು. ಕಾಲಾನಂತರ ಚೌಕಾಕಾರದ ಕಂಬದ ಮೇಲೆ ಅವನ ಗಡ್ಡದ ಮುಖವನ್ನು ಕೆತ್ತಿ ಮನೆಬಾಗಿಲುಗಳಲ್ಲಿ, ಕೂಡುದಾರಿಗಳಲ್ಲಿ, ಗಡಿಗಳಲ್ಲಿ ನಿಲ್ಲಿಸಿದರು. ಕ್ರಿ.ಪೂ. 415ರಲ್ಲಿ ಅಥೆನ್ಸಿನ ಹಡಗುಪಡೆ ಸಿಸಿಲಿಯ ಮೇಲಿನ ದಂಡಯಾತ್ರೆಗೆ ಸಿದ್ಧವಾಗಿದ್ದಾಗ ಒಂದೇ ರಾತ್ರಿಯಲ್ಲಿ ಯಾರೋ ನಗರದ ಈ ಕಂಬಗಳ ಮುಖಗಳನ್ನು ಒಡೆದುಹಾಕಿದರು. ಊರಿಗೆ ಊರೇ ಅಪಶಕುನವೆಂದು ನಡುಗಿತು, ಸೇನಾಪತಿ ಆಲ್ಸಿಬಿಯಾಡೀಸನ ಮೇಲೆಯೇ ಸಂಶಯ ಬಂದಿತು. ದೊಡ್ಡ ಮಕ್ಕಳಿಗೆ ಈ ಘಟನೆಯನ್ನು ಹೇಳಲು ಮರೆಯಬೇಡಿರಿ, ಏಕೆಂದರೆ ಹರ್ಮೀಸ್ ಬರಿಯ ಕಥೆಯ ಪಾತ್ರವಾಗಿರಲಿಲ್ಲ, ಜನರು ದಿನವೂ ಹಾದುಹೋಗುವಾಗ ನೋಡುತ್ತಿದ್ದ ಬಾಗಿಲ ಕಾವಲಾಗಿದ್ದನು ಎಂಬುದು ಇದರಿಂದ ಮನಸ್ಸಿಗೆ ಬರುತ್ತದೆ.

ಆದ್ದರಿಂದ ಕಥೆಗೆ ಮೊದಲು ಮಕ್ಕಳಿಗೆ ಒಂದು ಕೆಲಸವನ್ನು ಕೊಡಿರಿ. ತಮ್ಮ ಊರಿನ ಅಗಸಿಯಲ್ಲಿ, ಹೊಲದ ಬದುವಿನಲ್ಲಿ, ಸೀಮೆಯಲ್ಲಿ ನಿಂತಿರುವ ಕಲ್ಲುಗಳನ್ನು ನೋಡಿಕೊಂಡು ಬರಲು ಹೇಳಿರಿ. ಭೂಮಾಪನದವರು ನೆಟ್ಟ ಬಾಂದುಗಲ್ಲು ಒಬ್ಬರಿಗೆ ಸಿಕ್ಕೀತು, ಗುಡಿಗೆ ಬಿಟ್ಟ ಭೂಮಿಯ ಎಲ್ಲೆಯನ್ನು ತೋರಿಸುವ ಲಿಂಗಮುದ್ರೆಯ ಕಲ್ಲು ಇನ್ನೊಬ್ಬರಿಗೆ ಸಿಕ್ಕೀತು. ಯಾರಾದರೂ ಒಬ್ಬರು ವೀರಗಲ್ಲನ್ನು ನೋಡಿ ಬಂದೇ ಬರುತ್ತಾರೆ, ಏಕೆಂದರೆ ಹಾನಗಲ್ಲು, ಹಾವೇರಿಯ ಸೀಮೆಯಲ್ಲಿ ಅವುಗಳಿಗೆ ಕೊರತೆಯಿಲ್ಲ. ಪಟ್ಟಣದ ಮಕ್ಕಳಾದರೆ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬಹುದು.

ತುರುಗೋಳಿನ, ಎಂದರೆ ದನಗಳ ಕಳವಿನ ಕಾಳಗದ, ವೀರಗಲ್ಲಿನ ಮುಂದೆ ಮಕ್ಕಳನ್ನು ಸ್ವಲ್ಪ ಹೊತ್ತು ನಿಲ್ಲಿಸಿರಿ. ಸಾಮಾನ್ಯವಾಗಿ ಅದರಲ್ಲಿ ಮೂರು ಹಂತಗಳಿರುತ್ತವೆ. ಕೆಳಗಿನ ಹಂತದಲ್ಲಿ ದನಗಳ ಸಾಲು ಮತ್ತು ಕಾಳಗ, ನಡುವಿನ ಹಂತದಲ್ಲಿ ಸತ್ತ ವೀರನನ್ನು ಎರಡೂ ಬದಿಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲಿನ ಹಂತದಲ್ಲಿ ಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ದನಗಳ ಕಳವು ಮತ್ತು ಸತ್ತವನನ್ನು ಕರೆದೊಯ್ಯುವುದು, ಹರ್ಮೀಸನ ಬದುಕಿನ ಈ ಎರಡು ತುದಿಗಳೂ ಒಂದೇ ಕಲ್ಲಿನಲ್ಲಿ ಒಟ್ಟಿಗಿವೆ. ನನಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ಈವರೆಗೆ ದೊರೆತಿಲ್ಲ. ಆದರೆ ವ್ಯತ್ಯಾಸವನ್ನೂ ಅಲ್ಲಿಯೇ ಸ್ಪಷ್ಟವಾಗಿ ಹೇಳಬೇಕು. ನಮ್ಮ ಕಲ್ಲು ದನಗಳನ್ನು ಬಿಡಿಸಿ ತಂದವನನ್ನು ಹಾಡುತ್ತದೆ, ಗ್ರೀಕರ ಹಾಡು ಕದ್ದೊಯ್ದವನನ್ನು ಹಾಡುತ್ತದೆ. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ವಿರಾಟಪರ್ವದಲ್ಲಿಯೂ ಗೋವುಗಳನ್ನು ಹಿಡಿದ ಕೌರವರ ಕಡೆಗೆ ನಮ್ಮ ಮನಸ್ಸು ಹೋಗುವುದಿಲ್ಲ, ಬಿಡಿಸಲು ಹೊರಟ ಅರ್ಜುನನ ರಥವನ್ನೇ ಅದು ಹತ್ತುತ್ತದೆ. ಹೀಗಾಗಿ ನಿಮ್ಮ ಮುಂದಿರುವವರು ಮೊದಲು ಆಕಳುಗಳ ಒಡೆಯನಾದ, ಹರ್ಮೀಸನ ಅಣ್ಣ ಅಪೊಲೊನ ಪಕ್ಷವನ್ನೇ ವಹಿಸುತ್ತಾರೆ. ಅದನ್ನು ತಪ್ಪಿಸಲು ಹೋಗಬೇಡಿರಿ. ದನ ಕಳೆದುಕೊಂಡವನ ಸಿಟ್ಟು ಸರಿಯಾದದ್ದೇ ಎಂದು ಒಪ್ಪಿಕೊಂಡೇ ಕಥೆಯನ್ನು ಎತ್ತಿಕೊಳ್ಳಿರಿ.

ಒಂದು ದಿನದ ಕೂಸಿನ ಕಳವು

ಇದರ ಮೂಲವು ಗ್ರೀಕರ ಮಹಾಕವಿ ಹೋಮರನ ಹೆಸರಿನಲ್ಲಿ ಉಳಿದುಬಂದಿರುವ, ಆದರೆ ಅವನ ಕಾಲದ ನಂತರ ರಚನೆಯಾದ, 580 ಸಾಲುಗಳ ಒಂದು ಸ್ತೋತ್ರ. ಸಾಧ್ಯವಾದರೆ ಅದರ ಒಂದು ಅನುವಾದವನ್ನು ಪೂರ್ತಿಯಾಗಿ ಓದಿಕೊಳ್ಳಿರಿ, ಸಾರಾಂಶಗಳಲ್ಲಿ ಈ ಕಥೆಯ ಜೀವ ಉಳಿಯುವುದಿಲ್ಲ. ನಾನು ಹೇಳುವ ಕ್ರಮ ಹೀಗಿದೆ.

ತಾಯಿಯಿಂದ ಆರಂಭಿಸುತ್ತೇನೆ. ಹರ್ಮೀಸನ ತಾಯಿ ಮೈಯಾ, ಅಟ್ಲಾಸನ ಮಗಳು, ನಾವು ಕೃತ್ತಿಕೆ ಎಂದು ಕರೆಯುವ ನಕ್ಷತ್ರಗುಚ್ಛದ ಏಳು ಸೋದರಿಯರಲ್ಲಿ ಒಬ್ಬಳು. ಚಳಿಗಾಲದ ಸಂಜೆಯಾದರೆ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ದು ಕೃತ್ತಿಕೆಯನ್ನು ತೋರಿಸಿರಿ. ನಮ್ಮ ಕಾರ್ತಿಕೇಯನಿಗೆ ಹಾಲೂಡಿದ ತಾಯಂದಿರೂ ಆ ನಕ್ಷತ್ರಗಳೇ ಎಂಬುದು ಅನೇಕ ಮಕ್ಕಳಿಗೆ ಗೊತ್ತಿರುತ್ತದೆ, ಮತ್ತು ದೂರದ ಕಥೆ ಒಮ್ಮೆಲೆ ತಲೆಯ ಮೇಲಿನ ಆಕಾಶದಲ್ಲಿಯೇ ಕಾಣತೊಡಗುತ್ತದೆ. ಮೈಯಾ ನಾಚಿಕೆಯ ಸ್ವಭಾವದವಳು, ದೇವತೆಗಳ ಗದ್ದಲದಿಂದ ದೂರವಾಗಿ ಅರ್ಕೇಡಿಯದ ಕಿಲ್ಲೀನಿ ಬೆಟ್ಟದ ಗವಿಯಲ್ಲಿ ಇದ್ದಳು. ದೇವರಾಜ ಜ್ಯೂಸನಿಂದ ಅವಳಿಗೆ ಹುಟ್ಟಿದ ಈ ಮಗ ಬೆಳಗಿನ ಜಾವದಲ್ಲಿ ಜನಿಸಿದನು, ಮಧ್ಯಾಹ್ನಕ್ಕೆ ಲೈರ್ ಎಂಬ ತಂತಿವಾದ್ಯವನ್ನು ನುಡಿಸಿದನು, ಸಂಜೆಗೆ ಅಪೊಲೊನ ಆಕಳುಗಳನ್ನು ಕದ್ದನು.

ವಾದ್ಯದ ಪ್ರಸಂಗದಲ್ಲಿ ಅವಸರ ಮಾಡಬೇಡಿರಿ. ತೊಟ್ಟಿಲಿನಿಂದ ಇಳಿದು ಹೊರಟ ಕೂಸಿಗೆ ಗವಿಯ ಹೊಸ್ತಿಲಿನಲ್ಲಿ ಆಮೆಯೊಂದು ಎದುರಾಗುತ್ತದೆ. ಹೊಸ್ತಿಲು ಎಂಬ ಪದವನ್ನು ಒತ್ತಿ ಹೇಳಿರಿ. ‘ಬದುಕಿರುವಾಗ ನೀನು ಮಾಟಕ್ಕೆ ತಡೆಯಾಗುವೆ, ಸತ್ತ ಮೇಲೆ ಸೊಗಸಾಗಿ ಹಾಡುವೆ’ ಎಂಬ ಅರ್ಥದ ಮಾತನ್ನು ಹರ್ಮೀಸ್ ಅದಕ್ಕೆ ಹೇಳುತ್ತಾನೆ. ನಂತರ ಅದರ ಚಿಪ್ಪಿಗೆ ಚರ್ಮವನ್ನು ಹೊದಿಸಿ, ಎರಡು ತೋಳುಗಳನ್ನೂ ಅಡ್ಡಕೋಲನ್ನೂ ಜೋಡಿಸಿ, ಕುರಿಯ ಕರುಳಿನ ಏಳು ತಂತಿಗಳನ್ನು ಬಿಗಿಯುತ್ತಾನೆ. ಇಲ್ಲಿ ನಾನು ಅರ್ಧ ತೆಂಗಿನ ಚಿಪ್ಪಿನ ಬಾಯಿಗೆ ರಬ್ಬರ್ ಬ್ಯಾಂಡುಗಳನ್ನು ಬಿಗಿದು ಮಕ್ಕಳ ಕೈಗೆ ಕೊಡುತ್ತೇನೆ. ಅದೇ ರಬ್ಬರ್ ಬ್ಯಾಂಡನ್ನು ಬರಿಯ ಬೆರಳುಗಳ ನಡುವೆ ಎಳೆದು ಮೀಟಿದಾಗ ನಾದ ಸಣ್ಣದಾಗಿ ಸಾಯುತ್ತದೆ, ಟೊಳ್ಳಾದ ಚಿಪ್ಪಿನ ಮೇಲೆ ಅದು ತುಂಬಿಕೊಳ್ಳುತ್ತದೆ. ಮಲ್ಲಿಕಾರ್ಜುನ ಮನಸೂರರೂ ಗಂಗೂಬಾಯಿ ಹಾನಗಲ್ಲರೂ ಹಾಡಿದ ಈ ಊರುಗಳಲ್ಲಿ ತಂಬೂರಿಯನ್ನು ನೋಡದ ಮಕ್ಕಳು ಕಡಿಮೆ. ಅದರ ಬುಡದಲ್ಲಿರುವ ಒಣಗಿದ ಸೋರೆಬುರುಡೆಯ ಕೆಲಸವನ್ನೇ ಅಲ್ಲಿ ಆಮೆಯ ಚಿಪ್ಪು ಮಾಡಿತು ಎಂದರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸೂರ್ಯ ಮುಳುಗಿದ ಮೇಲೆ ಪಿಯೇರಿಯದ ಹುಲ್ಲುಗಾವಲಿನಿಂದ ಕೂಸು ಐವತ್ತು ಆಕಳುಗಳನ್ನು ಬೇರ್ಪಡಿಸುತ್ತದೆ. ಅವುಗಳನ್ನು ಹಿಮ್ಮುಖವಾಗಿ ನಡೆಸುತ್ತದೆ, ತನ್ನ ಕಾಲಿಗೆ ಗಿಡದ ಟೊಂಗೆಗಳಿಂದ ಹೆಣೆದ ವಿಚಿತ್ರವಾದ ಕೆರವುಗಳನ್ನು ಕಟ್ಟಿಕೊಳ್ಳುತ್ತದೆ. ಹೆಜ್ಜೆ ನೋಡಿದವನಿಗೆ ದನಗಳು ಹುಲ್ಲುಗಾವಲಿಗೆ ಮರಳಿದಂತೆ ಕಾಣುತ್ತದೆ, ಅವುಗಳ ಬದಿಯ ಇನ್ನೊಂದು ಹೆಜ್ಜೆ ಮನುಷ್ಯನದೋ ಮೃಗದ್ದೋ ತಿಳಿಯುವುದಿಲ್ಲ. ನವಲಗುಂದ, ನರಗುಂದ, ಗದಗಿನ ಕಡೆಯ ಎರೆಹೊಲದ ಮಕ್ಕಳಿಗೆ ಇದರ ಜಾಣತನವನ್ನು ವಿವರಿಸುವ ಅಗತ್ಯವೇ ಇಲ್ಲ, ಹಸಿ ಎರೆಮಣ್ಣಿನಲ್ಲಿ ಮೂಡಿದ ಗೊರಸು ಒಣಗಿದ ಮೇಲೆ ಎಷ್ಟು ದಿನ ಹಾಗೆಯೇ ಉಳಿಯುತ್ತದೆಂದು ಅವರು ಬಲ್ಲರು. ನೆಲಕ್ಕೆ ನೀರು ಚಿಮುಕಿಸಿ ಮಕ್ಕಳನ್ನೇ ಹಿಂದೆ ಹಿಂದೆ ನಡೆಸಿರಿ, ಉಳಿದವರು ಹೆಜ್ಜೆಯನ್ನು ಓದಲಿ. ಹಿಂದಕ್ಕೆ ನಡೆದವರ ಹೆಜ್ಜೆಯಲ್ಲಿ ಭಾರ ಬೇರೆ ಕಡೆ ಬೀಳುವುದನ್ನು ಚುರುಕಾದ ಮಕ್ಕಳು ತಾವೇ ಕಂಡುಹಿಡಿಯುತ್ತಾರೆ.

ಮುಂದಿನ ಭಾಗದಲ್ಲಿ ಎಚ್ಚರಿಕೆ ಬೇಕು. ಆಲ್ಫೇಯಸ್ ನದಿಯ ದಂಡೆಯಲ್ಲಿ ಹರ್ಮೀಸ್ ಎರಡು ಆಕಳುಗಳನ್ನು ಕೊಂದು, ಕಟ್ಟಿಗೆಯನ್ನು ಮಥಿಸಿ ಬೆಂಕಿಯನ್ನು ಎಬ್ಬಿಸಿ, ಮಾಂಸವನ್ನು ಹನ್ನೆರಡು ಪಾಲು ಮಾಡಿ ದೇವತೆಗಳಿಗೆ ಇಡುತ್ತಾನೆ. ನಮ್ಮಲ್ಲಿ ಇದನ್ನು ಕೇಳಿ ಮನನೊಂದುಕೊಳ್ಳುವವರು ಇರುತ್ತಾರೆ, ಅವರ ನೋವನ್ನು ಹಗುರವಾಗಿ ಕಾಣಬಾರದು. ಹಾಗೆಂದು ಆಕಳನ್ನು ಕುರಿಯನ್ನಾಗಿ ಬದಲಿಸಿ ಹೇಳುವುದು ಕೂಡ ಸರಿಯಲ್ಲ, ಅದು ಇನ್ನೊಂದು ಜನದ ಪುರಾಣಕ್ಕೆ ನಾವು ಮಾಡುವ ಅನ್ಯಾಯ. ಚಿಕ್ಕ ಮಕ್ಕಳಿಗೆ ‘ಅವರ ಪದ್ಧತಿಯಂತೆ ಎರಡನ್ನು ದೇವತೆಗಳಿಗೆ ಬಲಿಕೊಟ್ಟನು’ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತೇನೆ. ದೊಡ್ಡವರಿಗೆ ಮಾತ್ರ ಇನ್ನೊಂದು ವಿವರವನ್ನು ತಪ್ಪದೆ ಹೇಳುತ್ತೇನೆ: ಸುಟ್ಟ ಮಾಂಸದ ವಾಸನೆಗೆ ಹಸಿವು ಕೆರಳಿದರೂ ಹರ್ಮೀಸ್ ಅದನ್ನು ತಿನ್ನುವುದಿಲ್ಲ. ನೈವೇದ್ಯವನ್ನು ಉಣ್ಣುವವರು ಮನುಷ್ಯರು, ಸ್ವೀಕರಿಸುವವರು ದೇವತೆಗಳು. ತಾನು ಯಾವ ಸಾಲಿಗೆ ಸೇರಿದವನು ಎಂಬುದನ್ನು ಗವಿಯಲ್ಲಿ ಹುಟ್ಟಿದ ಈ ಹುಡುಗ ಅಲ್ಲಿ ತನಗೆ ತಾನೇ ತೀರ್ಮಾನಿಸಿಕೊಂಡನು ಎಂದು ನಾನು ತಿಳಿಯುತ್ತೇನೆ.

ಕಳವು ಏಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಸಿಗುತ್ತದೆ. ಬೀಗದ ಕಿಂಡಿಯಲ್ಲಿ ಮಂಜಿನಂತೆ ನುಸುಳಿ ಗವಿಗೆ ಮರಳಿದ ಮಗನನ್ನು ತಾಯಿ ಗದರಿಸಿದಾಗ ಅವನು, ಈ ಗವಿಯಲ್ಲಿ ಕಾಣಿಕೆಯೂ ಪೂಜೆಯೂ ಇಲ್ಲದೆ ನಾವಿಬ್ಬರು ಕುಳಿತಿರುವುದಕ್ಕೆ ನಾನು ಒಪ್ಪುವುದಿಲ್ಲ, ಅಪೊಲೊನಿಗೆ ಇರುವ ಗೌರವ ನನಗೂ ಬೇಕು, ತಂದೆ ಕೊಡದಿದ್ದರೆ ಕಳ್ಳರ ನಾಯಕನಾಗಿಯಾದರೂ ಪಡೆಯುತ್ತೇನೆ ಎನ್ನುತ್ತಾನೆ. ಹಾನಗಲ್ಲಿನ ಹಿರಿಯರಿಗೆ ನಾನು ನಂತರ ಕೊಟ್ಟ ಉತ್ತರ ಇದೇ. ಮನೆತನದಲ್ಲಿ ಪಾಲು ಸಿಗದ ಮಗ ಪಾಲು ಕೇಳಿದ ರೀತಿ ಅದು. ಅವರು ತಲೆದೂಗಿದರು, ಆದರೂ ಕಳವು ಕಳವೇ ಎಂದರು. ಅದೂ ನಿಜವಾದುದರಿಂದ ನಾನು ವಾದಿಸಲಿಲ್ಲ.

ಅಪೊಲೊ ಬಂದು ಹಿಡಿದಾಗ ಕೂಸು ತೊಟ್ಟಿಲಲ್ಲಿ ಅರಿವೆ ಹೊದ್ದು ಮಲಗಿರುತ್ತದೆ. ‘ನಾನು ನಿನ್ನೆ ಹುಟ್ಟಿದವನು, ನನ್ನ ಪಾದಗಳು ಎಳೆಯವು, ನೆಲ ಗಟ್ಟಿಯಾಗಿದೆ’ ಎಂಬುದು ಅದರ ವಾದ. ಇಲ್ಲಿ ಕೇಳುವವರಿಗೆ ಬೆಣ್ಣೆ ಕದ್ದ ಕೃಷ್ಣನ ನೆನಪು ಬರದೆ ಇರುವುದಿಲ್ಲ, ಬರಲಿ. ದನ, ವಾದ್ಯ, ಕಳವು, ಮುಗ್ಧ ಮುಖದ ಸುಳ್ಳು ಎಲ್ಲವೂ ಹೊಂದುತ್ತವೆ. ಹೊಂದದಿರುವುದು ಒಂದು: ಕೃಷ್ಣನಿಗೆ ಬೆಣ್ಣೆ ಲೀಲೆ, ಹರ್ಮೀಸನಿಗೆ ಆಕಳು ಹಕ್ಕಿನ ಪ್ರಶ್ನೆ. ನ್ಯಾಯಕ್ಕೆ ಜ್ಯೂಸನ ಮುಂದೆ ಹೋದಾಗ ತಂದೆ ಈ ಕೂಸಿನ ಆಣೆ ಪ್ರಮಾಣಗಳನ್ನು ಕೇಳಿ ಗಟ್ಟಿಯಾಗಿ ನಗುತ್ತಾನೆ ಮತ್ತು ದನಗಳನ್ನು ತೋರಿಸೆಂದು ಆಜ್ಞೆ ಮಾಡುತ್ತಾನೆ.

ಕೊನೆಗೆ ಜಗಳ ತೀರುವುದು ಶಿಕ್ಷೆಯಿಂದಲ್ಲ, ಚೌಕಾಸಿಯಿಂದ. ಹರ್ಮೀಸ್ ಲೈರನ್ನು ನುಡಿಸುತ್ತಾನೆ, ಅಪೊಲೊನ ಸಿಟ್ಟು ಕರಗಿ ಆಸೆಯಾಗುತ್ತದೆ, ಈ ವಾದ್ಯ ಐವತ್ತು ಆಕಳುಗಳ ಬೆಲೆಯದ್ದು ಎಂದು ಅವನ ಬಾಯಿಂದಲೇ ಮಾತು ಬರುತ್ತದೆ. ವಾದ್ಯ ಅಣ್ಣನಿಗೆ, ದನಗಳ ಒಡೆತನ ಮತ್ತು ಹೊಳೆಯುವ ಚಾವಟಿ ತಮ್ಮನಿಗೆ, ಮುಂದೆ ಬಂಗಾರದ ಕೋಲು ಸಹ ತಮ್ಮನಿಗೆ. ದನದ ಸಂತೆಯಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ಕಂಡವರಿಗೆ ಹರ್ಮೀಸ್ ವ್ಯಾಪಾರದ ದೇವತೆಯಾದುದು ಹೇಗೆಂದು ಈ ಒಂದು ದೃಶ್ಯದಿಂದ ಹೊಳೆಯುತ್ತದೆ. ಇಬ್ಬರು ಮಕ್ಕಳ ಕೈಗೆ ಟವೆಲನ್ನು ಕೊಟ್ಟು ಇದನ್ನು ಆಡಿಸಿರಿ.

ಬೇಗ ದಾಟಬೇಕಾದವು

ಉಳಿದ ಕಥೆಗಳಲ್ಲಿ ಎಲ್ಲವನ್ನೂ ಹೇಳಲು ಹೋಗಬೇಡಿರಿ. ಆರ್ಗಸನ ಕಥೆ ಮಕ್ಕಳಿಗೆ ಹಿಡಿಸುತ್ತದೆ. ಆಕಳಾಗಿ ಮಾರ್ಪಟ್ಟ ಅಯೋ ಎಂಬ ಕನ್ಯೆಯನ್ನು ಕಾಯಲು ಜ್ಯೂಸನ ಹೆಂಡತಿ ಹೀರಾದೇವಿಯು ಮೈತುಂಬ ಕಣ್ಣಿನ ಆರ್ಗಸನನ್ನು ನೇಮಿಸಿರುತ್ತಾಳೆ. ಜ್ಯೂಸನ ಅಪ್ಪಣೆಯಂತೆ ಬಂದ ಹರ್ಮೀಸ್, ರೋಮನ್ ಕವಿ ಓವಿಡ್ ಹೇಳುವಂತೆ, ಕೊಳಲನ್ನು ನುಡಿಸುತ್ತ ಕಥೆಯನ್ನು ಹೇಳುತ್ತ ಅವನ ನೂರು ಕಣ್ಣುಗಳನ್ನೂ ಮುಚ್ಚಿಸಿ ಕೊಲ್ಲುತ್ತಾನೆ. ಆ ಕಣ್ಣುಗಳು ನವಿಲಿನ ಗರಿಯನ್ನು ಸೇರಿದವು. ಕಥೆ ಹೇಳುತ್ತ ನಿದ್ದೆ ಬರಿಸುವುದನ್ನು ಮನೆಯ ಅಜ್ಜಿಯರೆಲ್ಲರೂ ಬಲ್ಲರು, ಇಲ್ಲಿ ಅದು ಆಯುಧವಾಗಿದೆ.

ದೂತನ ಕೆಲಸಕ್ಕೆ ಹೋಮರನ ‘ಒಡಿಸ್ಸಿ’ ಕಾವ್ಯದ ಐದನೆಯ ಭಾಗ ಸಾಕು. ಯುದ್ಧ ಮುಗಿಸಿ ಮನೆಗೆ ಮರಳುತ್ತಿದ್ದ ವೀರ ಒಡಿಸ್ಸಿಯಸನನ್ನು ಏಳು ವರ್ಷ ತನ್ನ ದ್ವೀಪದಲ್ಲಿ ಇರಿಸಿಕೊಂಡ ಕಿರುದೇವತೆ ಕಲಿಪ್ಸೊಗೆ ಅವನನ್ನು ಬಿಟ್ಟುಕೊಡಬೇಕೆಂಬ ಆಜ್ಞೆಯನ್ನು ಹರ್ಮೀಸ್ ಒಯ್ಯುತ್ತಾನೆ. ಕಡಲಹಕ್ಕಿಯಂತೆ ಅಲೆಗಳ ಮೇಲೆ ಹಾರಿ ಬಂದವನು, ಇಷ್ಟು ದೂರದ ಉಪ್ಪುನೀರನ್ನು ಯಾರು ಇಷ್ಟಪಟ್ಟು ದಾಟುತ್ತಾರೆ, ದಾರಿಯಲ್ಲಿ ಒಂದು ಊರೂ ಇಲ್ಲ ಎಂದು ಹೇಳಿಕೊಳ್ಳುತ್ತಾನೆ. ತನ್ನದಲ್ಲದ ಆಜ್ಞೆಯನ್ನು, ಕೇಳುವವರಿಗೆ ನೋವಾಗುವ ಸುದ್ದಿಯನ್ನು, ಬದಲಿಸದೆ ತಲುಪಿಸುವ ಕಷ್ಟ ಆ ಮಾತಿನಲ್ಲಿದೆ. 1861ರಲ್ಲಿ ಗ್ರೀಸ್ ದೇಶ ತನ್ನ ಮೊದಲ ಅಂಚೆಚೀಟಿಯನ್ನು ಹೊರತಂದಾಗ ಅದರ ಮೇಲೆ ಇದ್ದದ್ದು ಹರ್ಮೀಸನ ತಲೆ.

ಹಾವುಗಳ ಕೋಲಿನ ವಿಷಯದಲ್ಲಿ ಮಾತ್ರ ತಪ್ಪಾಗದಂತೆ ನೋಡಿಕೊಳ್ಳಿರಿ. ಎರಡು ಹಾವುಗಳು ಸುತ್ತಿಕೊಂಡ, ರೆಕ್ಕೆಯ ಕೋಲು ಹರ್ಮೀಸನದು. ಒಂದೇ ಹಾವಿನ, ರೆಕ್ಕೆಯಿಲ್ಲದ ಕೋಲು ವೈದ್ಯದೇವತೆ ಅಸ್ಕ್ಲೀಪಿಯಸನದು. ಅಮೆರಿಕದ ಸೇನೆಯ ವೈದ್ಯಕೀಯ ವಿಭಾಗವು 1902ರಲ್ಲಿ ಎರಡು ಹಾವಿನದನ್ನು ಲಾಂಛನವಾಗಿ ಸ್ವೀಕರಿಸಿದ ಮೇಲೆ ಈ ಗೊಂದಲ ಬಹಳ ಹರಡಿತು. ಔಷಧದ ಅಂಗಡಿಗಳ ಫಲಕಗಳಲ್ಲಿ ಯಾವ ಕೋಲು ಇದೆಯೆಂದು ಎಣಿಸಿಕೊಂಡು ಬರಲು ಮಕ್ಕಳಿಗೆ ಹೇಳಿರಿ. ರೋಮನ್ನರು ಇವನನ್ನು ಮರ್ಕ್ಯುರಿ ಎಂದರು, 88 ದಿನಗಳಲ್ಲಿ ಸೂರ್ಯನನ್ನು ಸುತ್ತುವ ಬುಧಗ್ರಹಕ್ಕೆ ಆ ಹೆಸರು ಇಂದಿಗೂ ಉಳಿದಿದೆ.

ಕೊನೆಯ ಕಥೆಯನ್ನು ಕತ್ತಲಾದ ಮೇಲೆ ಹೇಳಿರಿ

ಸತ್ತವರನ್ನು ಕರೆದೊಯ್ಯುವ ಹರ್ಮೀಸನನ್ನು ಪರಿಚಯಿಸುವಾಗ ಮತ್ತೆ ವೀರಗಲ್ಲಿನ ನಡುವಿನ ಹಂತಕ್ಕೆ ಬನ್ನಿರಿ. ಅಪ್ಸರೆಯರು ವೀರನನ್ನು ಮೇಲಕ್ಕೆ ಎತ್ತುತ್ತಾರೆ, ಹರ್ಮೀಸ್ ಎಲ್ಲರನ್ನೂ ಕೆಳಕ್ಕೆ ನಡೆಸುತ್ತಾನೆ. ಅವನು ಯಮದೂತನಲ್ಲ, ಪಾಶ ಹಾಕಿ ಎಳೆಯುವುದಿಲ್ಲ, ಪಾಪಪುಣ್ಯಗಳ ಲೆಕ್ಕ ಕೇಳುವುದಿಲ್ಲ. ದಾರಿ ತೋರಿಸುತ್ತ ಮುಂದೆ ನಡೆಯುತ್ತಾನೆ, ಅಷ್ಟೇ. ಅಥೆನ್ಸಿನ ಜನರು ವರ್ಷಕ್ಕೊಮ್ಮೆ ಸತ್ತವರ ದಿನದಂದು ಎಲ್ಲ ಬಗೆಯ ಕಾಳುಗಳನ್ನು ಒಂದೇ ಗಡಿಗೆಯಲ್ಲಿ ಬೇಯಿಸಿ ಹರ್ಮೀಸನಿಗೆ ಇಡುತ್ತಿದ್ದರು. ಪಕ್ಷಮಾಸದಲ್ಲಿ ಹಿರಿಯರಿಗೆ ಎಡೆ ಇಡುವ ಮನೆಗಳ ಮಕ್ಕಳಿಗೆ ಇದು ಅಪರಿಚಿತವೆನಿಸುವುದಿಲ್ಲ.

ಆದರೆ ಕೊನೆಗೆ ಹೇಳಬೇಕಾದದ್ದು ಪಾತಾಳದ ಕಥೆಯಲ್ಲ, ‘ಇಲಿಯಡ್’ ಕಾವ್ಯದ ಕೊನೆಯ ಭಾಗದಲ್ಲಿ ಬರುವ ಪ್ರಿಯಾಮನ ರಾತ್ರಿ. ಟ್ರಾಯ್ ನಗರದ ಮುದಿಯ ಅರಸ ಪ್ರಿಯಾಮನ ಮಗ ಹೆಕ್ಟರನನ್ನು ಗ್ರೀಕರ ವೀರ ಅಖಿಲೀಸನು ಕೊಂದು ಹೆಣವನ್ನೂ ಕೊಡದೆ ಇಟ್ಟುಕೊಂಡಿದ್ದಾನೆ. ತಂದೆ ಒಬ್ಬ ಮುದಿ ಸೇವಕನೊಡನೆ, ಹೆಣವನ್ನು ಬಿಡಿಸಿಕೊಳ್ಳಲು ಕೊಡಬೇಕಾದ ವಸ್ತುಗಳನ್ನು ಬಂಡಿಯಲ್ಲಿ ಹೇರಿಕೊಂಡು, ಶತ್ರುಗಳ ಪಾಳೆಯಕ್ಕೆ ಹೊರಡುತ್ತಾನೆ. ನದಿಯನ್ನು ದಾಟುವ ಕಡೆಯಲ್ಲಿ, ಕತ್ತಲು ಕವಿಯುವ ಹೊತ್ತಿಗೆ, ಒಬ್ಬ ಯುವಕ ಎದುರಾಗಿ ಅವನ ಕೈ ಹಿಡಿಯುತ್ತಾನೆ. ‘ನಿನ್ನನ್ನು ನೋಡಿದರೆ ನನ್ನ ತಂದೆಯ ನೆನಪಾಗುತ್ತದೆ’ ಎನ್ನುತ್ತಾನೆ. ಅವನು ಹರ್ಮೀಸ್. ತಾನೇ ಲಗಾಮು ಹಿಡಿದು ರಥವನ್ನು ನಡೆಸುತ್ತಾನೆ, ಕಾವಲಿನವರ ಕಣ್ಣಿಗೆ ನಿದ್ದೆಯನ್ನು ಸುರಿಯುತ್ತಾನೆ, ಮೂವರು ಗಂಡಸರು ಕೂಡಿ ಸರಿಸಬೇಕಾದ ಅಗಳಿಯ ಬಾಗಿಲನ್ನು ತೆರೆಯುತ್ತಾನೆ. ಅಖಿಲೀಸನ ಹೊಸ್ತಿಲಿನವರೆಗೆ ಬಂದವನು ತಾನು ಯಾರೆಂದು ತಿಳಿಸಿ ಅಲ್ಲಿಂದ ಹೊರಟುಹೋಗುತ್ತಾನೆ, ಏಕೆಂದರೆ ಒಳಗೆ ನಡೆಯಬೇಕಾದದ್ದು ಮಗನನ್ನು ಕೊಂದ ಕೈಗೆ ಮುತ್ತಿಡುವ ತಂದೆಯ ಮತ್ತು ತನ್ನ ತಂದೆಯನ್ನು ನೆನೆದು ಅಳುವ ಕೊಂದವನ ಮಾತು, ಅಲ್ಲಿ ದೇವತೆಗೆ ಕೆಲಸವಿಲ್ಲ. ಬೆಳಗಾಗುವ ಮೊದಲು ಮರಳಿ ಬಂದು ಮುದುಕನನ್ನು ಎಬ್ಬಿಸುತ್ತಾನೆ, ಮಗನ ಹೆಣದೊಡನೆ ಪಾಳೆಯವನ್ನು ದಾಟಿಸಿ ಅದೇ ನದಿಯವರೆಗೆ ತಂದು ಬಿಡುತ್ತಾನೆ. ಮೊದಲ ಕಥೆಯಲ್ಲಿ ಕಳವಿಗಾಗಿ ಬಳಸಿದ ಕತ್ತಲು, ನಿಶ್ಶಬ್ದ, ಬಾಗಿಲನ್ನು ದಾಟುವ ಜಾಣತನ ಎಲ್ಲವನ್ನೂ ಅವನು ಇಲ್ಲಿ ಒಬ್ಬ ತಂದೆಗಾಗಿ ಬಳಸುತ್ತಾನೆ. ನೀವು ಇದನ್ನು ಬಾಯಿ ಬಿಟ್ಟು ಹೇಳಬೇಡಿರಿ, ಎರಡೂ ಕಥೆಗಳಲ್ಲಿ ‘ಹೊಸ್ತಿಲು’ ಎಂಬ ಒಂದೇ ಪದವನ್ನು ಒಂದೇ ಧ್ವನಿಯಲ್ಲಿ ಹೇಳಿದರೆ ಸಾಕು.

ಈ ಕಥೆ ಮುಗಿದ ಕೂಡಲೆ ಪ್ರಶ್ನೆಗಳನ್ನು ಕೇಳಬೇಡಿರಿ, ದೀಪವನ್ನೂ ಹಾಕಬೇಡಿರಿ. ಕೂಡಿ ಕುಳಿತವರ ನಡುವೆ ಇದ್ದಕ್ಕಿದ್ದಂತೆ ಮಾತು ನಿಂತರೆ ಗ್ರೀಕರು ‘ಹರ್ಮೀಸ್ ಒಳಗೆ ಬಂದನು’ ಎನ್ನುತ್ತಿದ್ದರು. ಅವನು ಹೊರಗೆ ಹೋಗುವಷ್ಟು ಹೊತ್ತು ಸುಮ್ಮನೆ ಕುಳಿತಿದ್ದು, ಆಮೇಲೆ ಮಕ್ಕಳನ್ನು ಅವರವರ ಚಪ್ಪಲಿ ಹುಡುಕಲು ಕಳಿಸಿರಿ.